ತಯಾರಕರೂ ಸಪ್ಲೈಯರ್‌ಗಳೂ ಹೊಂದಿಕೊಂಡು ಕೆಲಸ ಮಾಡುವುದು ಹೇಗೆ? ಬೆಂಗಳೂರಿನ ಕಾರ್ಖಾನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಅಸೆಂಬ್ಲಿ ಲೈನಿನಲ್ಲಿ ಎಲ್ಲಾ ರೆಡಿ ಇದೆ. ಮೋಟರ್ ಬಂದಿದೆ, ಹೌಸಿಂಗ್ ಬಂದಿದೆ, ಸೀಲ್ ಬಂದಿದೆ. ಒಂದು ಬ್ರಾಕೆಟ್ ಮಾತ್ರ ಬಂದಿಲ್ಲ. ಪರ್ಚೇಸ್‌ನವರು ಫೋನ್ ಮಾಡಿದರೆ "ಸಂಜೆ ಗಾಡಿ ಬಿಡ್ತೀನಿ ಸರ್" ಎಂಬ ಉತ್ತರ ಬರುತ್ತದೆ. ಸಂಜೆ ಫೋನ್ ಎತ್ತುವವರಿಲ್ಲ. ಮರುದಿನ ಮಧ್ಯಾಹ್ನ ವಿಷಯ ಹೊರಗೆ ಬರುತ್ತದೆ. ಪ್ಲೇಟಿಂಗ್‌ಗೆ ಹೋದ ಲಾಟ್ ಪೂರ್ತಿ ರಿಜೆಕ್ಟ್ ಆಗಿ ಆಗಲೇ ವಾರವಾಗಿದೆ.

ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಬಿಡದಿ, ದೊಡ್ಡಬಳ್ಳಾಪುರ, ಎಲ್ಲಿ ಕಾರ್ಖಾನೆ ನಡೆಸುವವರಿಗೂ ಇದು ಗೊತ್ತಿರುವ ಕಥೆ. ಆದರೆ ಲಾಟ್ ಯಾಕೆ ಹಾಳಾಯಿತು ಅಂತ ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ವಾರದ ಹಿಂದೆಯೇ ಗೊತ್ತಿದ್ದ ವಿಷಯವನ್ನು ಅವರು ನಮಗೆ ಯಾಕೆ ಹೇಳಲಿಲ್ಲ? ಹೇಳಿದ್ದರೆ ಪ್ಲಾನ್ ಬದಲಿಸಬಹುದಿತ್ತು, ಬೇರೆ ಮಾಡೆಲ್ ಓಡಿಸಬಹುದಿತ್ತು, ಸ್ಟೋರ್‌ನಲ್ಲಿರುವ ಹಳೇ ಪೀಸ್‌ಗಳನ್ನು ರೀವರ್ಕ್ ಮಾಡಬಹುದಿತ್ತು. ಕೆಟ್ಟ ಸುದ್ದಿ ಎಷ್ಟು ಬೇಗ ಬರುತ್ತದೆ ಎಂಬುದರ ಮೇಲೆ ಕಂಪನಿ ಮತ್ತು ಸಪ್ಲೈಯರ್ ಸಂಬಂಧವನ್ನು ಅಳೆಯಬಹುದು ಎಂದು ನಾನು ನಂಬಿದ್ದೇನೆ. ಮುಂದೆ ಹೇಳುವ ಹೆಜ್ಜೆಗಳೆಲ್ಲ ಆ ಸುದ್ದಿ ಬೇಗ ಬರುವಂತೆ ಮಾಡುವುದಕ್ಕೇ.

ಬೆಂಗಳೂರಿಗೆ ಈ ವಿಷಯದಲ್ಲಿ ಹಳೇ ಅನುಭವವಿದೆ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಮೈಕೋದಂಥ ದೊಡ್ಡ ಕಾರ್ಖಾನೆಗಳ ಸುತ್ತ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್‌ಗಳು ಹುಟ್ಟಿಕೊಂಡವು. ಅಲ್ಲಿ ಕೆಲಸ ಕಲಿತವರೇ ಹೊರಗೆ ಬಂದು ಒಂದೆರಡು ಲೇತ್ ಹಾಕಿಕೊಂಡು ವೆಂಡರ್ ಆದ ಉದಾಹರಣೆಗಳು ರಾಜಾಜಿನಗರ, ಪೀಣ್ಯದ ತುಂಬಾ ಇವೆ. ಕೈಕೆಲಸದ ಕೊರತೆ ಈ ಊರಿಗೆ ಇಲ್ಲ. ಕೊರತೆ ಇರುವುದು ಎರಡು ಕಡೆಯವರ ನಡುವಿನ ಮಾತಿನಲ್ಲಿ.

ಹೆಜ್ಜೆ 1: ಯಾರ ಜೊತೆ ಎಷ್ಟು ಹೊತ್ತು ಕಳೆಯಬೇಕು ಅಂತ ತೀರ್ಮಾನಿಸಿ

ಎಲ್ಲಾ ಸಪ್ಲೈಯರ್‌ಗಳಿಗೂ ಒಂದೇ ಸಮಯ ಕೊಡಲು ಆಗುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಎಸ್‌ಪಿ ರೋಡ್‌ನಲ್ಲಿ ಸಿಗುವ ಕನೆಕ್ಟರ್, ಯಾವ ಅಂಗಡಿಯಲ್ಲಾದರೂ ಸಿಗುವ ನಟ್ಟು ಬೋಲ್ಟಿಗೆ ರೇಟ್ ಕೇಳಿ ತಗೊಂಡರೆ ಸಾಕು. ನಿಮ್ಮ ಡ್ರಾಯಿಂಗ್ ಪ್ರಕಾರ ಮಾಡುವವರು, ನಿಮ್ಮ ಡೈ ಅಥವಾ ಫಿಕ್ಸ್ಚರ್ ಇಟ್ಟುಕೊಂಡವರು, ಬದಲಿ ಸಿಗಲು ತಿಂಗಳುಗಟ್ಟಲೆ ಬೇಕಾಗುವವರು ಬೇರೆ. ಅವರ ಪಟ್ಟಿ ಮಾಡಿ. ಇಲ್ಲಿ ಬಿಲ್ ಮೊತ್ತ ನೋಡಬೇಡಿ. ತಿಂಗಳಿಗೆ ಇಪ್ಪತ್ತು ಸಾವಿರದ ಸ್ಪ್ರಿಂಗ್ ಕೊಡುವವರು ನಿಮ್ಮ ಎರಡು ಕೋಟಿಯ ಡಿಸ್ಪ್ಯಾಚ್ ನಿಲ್ಲಿಸಬಲ್ಲರು. "ಇವರು ನಾಳೆ ಬಾಗಿಲು ಹಾಕಿದರೆ ನಮ್ಮ ಲೈನ್ ಎಷ್ಟು ದಿನದಲ್ಲಿ ನಿಲ್ಲುತ್ತದೆ?" ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಪಟ್ಟಿ ಮಾಡಿ.

ಹೆಜ್ಜೆ 2: ಶೆಡ್‌ಗೆ ಹೋಗಿ, ಆಡಿಟ್ ಫಾರ್ಮ್ ಇಲ್ಲದೆ ಹೋಗಿ

ಮೊದಲ ಭೇಟಿಗೆ ಚೆಕ್‌ಲಿಸ್ಟ್ ಬೇಡ. ಮೆಷಿನ್ ಪಕ್ಕ ಒಂದು ಗಂಟೆ ನಿಂತುಕೊಳ್ಳಿ. ನಿಮ್ಮ ಪಾರ್ಟ್ ಯಾರು ಮಾಡುತ್ತಿದ್ದಾರೆ, ಡ್ರಾಯಿಂಗ್ ಯಾವ ರಿವಿಷನ್ನಿನದು, ಯಾವ ಗೇಜ್‌ನಲ್ಲಿ ಅಳೆಯುತ್ತಾರೆ, ಮುಗಿದ ಪೀಸ್ ಎಲ್ಲಿ ಇಡುತ್ತಾರೆ ಅಂತ ನೋಡಿ. ಎರಡು ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಮೆಷಿನ್) ಇರುವ ಶೆಡ್‌ನಲ್ಲಿ ಮಾಲೀಕರೇ ಪ್ಲಾನಿಂಗ್, ಅವರೇ ಕ್ವಾಲಿಟಿ, ಅವರೇ ಅಕೌಂಟ್ಸ್. ನೀವು ಕಳಿಸುವ ನಾಲ್ಕು ಇಲಾಖೆಯ ನಾಲ್ಕು ಮೇಲ್‌ಗಳನ್ನು ಅವರು ರಾತ್ರಿ ಒಂಬತ್ತಕ್ಕೆ ಓದುತ್ತಾರೆ. ಇದನ್ನು ಕಣ್ಣಾರೆ ನೋಡಿದ ಮೇಲೆ ನಿಮ್ಮ ಮೇಲ್ ಬರೆಯುವ ರೀತಿಯೇ ಬದಲಾಗುತ್ತದೆ.

ಪರ್ಚೇಸ್‌ನವರು ಮಾತ್ರ ಹೋದರೆ ಮಾತು ರೇಟ್ ಕಡೆ ತಿರುಗುತ್ತದೆ. ಡಿಸೈನ್‌ನವರನ್ನೂ ಕರೆದುಕೊಂಡು ಹೋಗಿ. ತಾವು ಬರೆದ ಟಾಲರೆನ್ಸ್‌ಗಾಗಿ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಆಗಬಹುದು ಎಂಬ ಮಿತಿ) ಒಬ್ಬ ಆಪರೇಟರ್ ಎಷ್ಟು ಒದ್ದಾಡುತ್ತಾರೆ ಅಂತ ಅವರಿಗೆ ಗೊತ್ತಾಗುವುದು ಅಲ್ಲೇ.

ಹೆಜ್ಜೆ 3: ಆರ್ಡರ್ ಕೊಡುವ ಮೊದಲು ಡ್ರಾಯಿಂಗನ್ನು ಒಟ್ಟಿಗೆ ಓದಿ

ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. ಹಾಗಾಗಿ ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ.

ಒಂದು ಉದಾಹರಣೆ ನೋಡೋಣ. ಎಂ6 ಥ್ರೆಡ್ ಇರುವ ಒಂದು ಪಿನ್ ಇದೆ. ಪಿಚ್ 1 ಮಿ.ಮೀ., ಥ್ರೆಡ್ ಕ್ಲಾಸ್ (ಥ್ರೆಡ್ ಎಷ್ಟು ಸಡಿಲ ಅಥವಾ ಬಿಗಿ ಇರಬೇಕು ಎಂಬ ದರ್ಜೆ) 6ಜಿ, ಮೇಲೆ 8 ಮೈಕ್ರಾನ್ ಜಿಂಕ್ ಪ್ಲೇಟಿಂಗ್. ಸಪ್ಲೈಯರ್ ಪಿನ್ ಮಾಡಿ, ಗೋ ರಿಂಗ್ ಗೇಜ್ (ಥ್ರೆಡ್ ಸರಿಯಿದ್ದರೆ ಸಲೀಸಾಗಿ ಹೋಗಬೇಕಾದ ಉಂಗುರ) ಹಾಕಿ ನೋಡಿ, ಓಕೆ ಅಂತ ಪ್ಲೇಟಿಂಗ್‌ಗೆ ಕಳಿಸುತ್ತಾರೆ. ಪ್ಲೇಟಿಂಗ್‌ನವರು ಕೇಳಿದಷ್ಟೇ ದಪ್ಪ ಹಾಕುತ್ತಾರೆ. ನಿಮ್ಮ ಇನ್‌ವರ್ಡ್ ಇನ್‌ಸ್ಪೆಕ್ಷನ್‌ನಲ್ಲಿ ಮಾತ್ರ ಗೇಜ್ ಹೋಗುವುದಿಲ್ಲ. ಲಾಟ್ ರಿಜೆಕ್ಟ್. ತಪ್ಪು ಯಾರದು?

ಲೆಕ್ಕ ಹಾಕಿ. 60 ಡಿಗ್ರಿ ಥ್ರೆಡ್‌ನಲ್ಲಿ ಪ್ಲೇಟಿಂಗ್ ದಪ್ಪದ ನಾಲ್ಕು ಪಟ್ಟು ಪಿಚ್ ಡಯಾ (ಥ್ರೆಡ್‌ನ ಏರು ತಗ್ಗುಗಳ ನಡುಮಟ್ಟದ ವ್ಯಾಸ) ಏರುತ್ತದೆ. 8 ಮೈಕ್ರಾನ್ ಅಂದರೆ 32 ಮೈಕ್ರಾನ್. 6ಜಿ ಕ್ಲಾಸ್ ಈ ಪಿಚ್‌ಗೆ ಬಿಟ್ಟುಕೊಡುವ ಜಾಗ 26 ಮೈಕ್ರಾನ್. ಥ್ರೆಡ್ಡನ್ನು ಮೇಲಿನ ಮಿತಿಯ ಹತ್ತಿರ ಕಡಿದಿದ್ದರೆ ಗೇಜ್ ಸಿಕ್ಕಿಕೊಳ್ಳಲೇಬೇಕು. ಇಲ್ಲಿ ಮೂವರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದಾರೆ. ಡ್ರಾಯಿಂಗ್‌ನಲ್ಲಿ ಅಳತೆ ಪ್ಲೇಟಿಂಗ್ ಮೊದಲೋ ನಂತರವೋ ಎಂಬ ಒಂದು ಸಾಲು ಇರಲಿಲ್ಲ, ಅಷ್ಟೇ. ಆ ಸಾಲು ಇದ್ದಿದ್ದರೆ ಟರ್ನಿಂಗ್ ಮಾಡುವಾಗಲೇ ಸ್ವಲ್ಪ ಜಾಸ್ತಿ ಕಡಿಯುತ್ತಿದ್ದರು.

ಆದ್ದರಿಂದ ಪಿಒ (ಪರ್ಚೇಸ್ ಆರ್ಡರ್) ಬಿಡುಗಡೆಗೆ ಮುಂಚೆ ಒಂದು ಗಂಟೆ ಕೂತು ಡ್ರಾಯಿಂಗ್ ಮೇಲೆ ಬೆರಳಿಟ್ಟು ಒಂದೊಂದೇ ಅಳತೆ ಓದಿ. ಯಾವ ಮೂರ್ನಾಲ್ಕು ಅಳತೆ ನಿಜವಾಗಿ ಮುಖ್ಯ ಅಂತ ಗುರುತು ಹಾಕಿ. ಎಲ್ಲಾ ಅಳತೆಯೂ ಮುಖ್ಯ ಅಂದರೆ ಆಪರೇಟರ್‌ಗೆ ಯಾವುದೂ ಮುಖ್ಯವಾಗುವುದಿಲ್ಲ. ಬರ್ (ಅಂಚಿನಲ್ಲಿ ಉಳಿಯುವ ಚೂಪು ಲೋಹ) ಎಷ್ಟಿದ್ದರೆ ಸರಿ, ಗೀಟು ಎಲ್ಲಿ ಬಿದ್ದರೆ ಪರವಾಗಿಲ್ಲ ಎಂಬುದನ್ನು ಮಾತಿನಲ್ಲಿ ಬಿಡಬೇಡಿ. ಎರಡೂ ಕಡೆಯವರು ಸಹಿ ಮಾಡಿದ ಮಾಸ್ಟರ್ ಸ್ಯಾಂಪಲ್ ಒಂದನ್ನು ನಿಮ್ಮಲ್ಲಿ, ಇನ್ನೊಂದನ್ನು ಅವರಲ್ಲಿ ಇಡಿ. "ಈ ಅಳತೆ ಸ್ವಲ್ಪ ಸಡಿಲ ಮಾಡಿದರೆ ನಿಮಗೆ ಸುಲಭವಾಗುತ್ತದಾ?" ಅಂತ ಕೇಳಲು ಮರೆಯಬೇಡಿ. ಎಷ್ಟೋ ಸಲ ಹಳೇ ಡ್ರಾಯಿಂಗಿನಿಂದ ಸುಮ್ನೆ ನಕಲಾದ ಟಾಲರೆನ್ಸ್‌ಗಾಗಿ ನೀವು ಗ್ರೈಂಡಿಂಗ್ ಖರ್ಚು ಕೊಡುತ್ತಿರುತ್ತೀರಿ.

ಡ್ರಾಯಿಂಗ್ ಬದಲಾದರೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ ಕೈತೊಳೆದುಕೊಳ್ಳಬೇಡಿ. ಹೊಸ ರಿವಿಷನ್ ಯಾವ ಲಾಟ್‌ನಿಂದ ಜಾರಿ, ಹಳೆಯದರಲ್ಲಿ ಆಗಲೇ ಮಾಡಿಟ್ಟ ಪೀಸ್‌ಗಳನ್ನು ಯಾರು ತಗೊಳ್ಳುತ್ತಾರೆ, ಎರಡನ್ನೂ ಬರೆದು ಕಳಿಸಿ.

ಹೆಜ್ಜೆ 4: ಒಂದೇ ಪೀಸನ್ನು ಇಬ್ಬರೂ ಒಂದೇ ಥರ ಅಳೆಯಿರಿ

"ನಮ್ಮಲ್ಲಿ ಓಕೆ ಇತ್ತು ಸರ್" ಎಂಬ ಮಾತು ತುಂಬಾ ಸಲ ನಿಜವೇ ಆಗಿರುತ್ತದೆ. ಅಳತೆಗೆ ಜಗತ್ತೆಲ್ಲ ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. ನಿಮ್ಮ ಸಿಎಂಎಂ (ಅಳತೆ ಯಂತ್ರ) ರೂಮಿನಲ್ಲಿ ಎಸಿ ಇದೆ. ಸಪ್ಲೈಯರ್ ಶೆಡ್‌ನ ಶೀಟಿನ ಕೆಳಗೆ ಏಪ್ರಿಲ್‌ನಲ್ಲಿ 30 ಡಿಗ್ರಿ ದಾಟಿರುತ್ತದೆ. ಆ ಹತ್ತು ಡಿಗ್ರಿ ವ್ಯತ್ಯಾಸಕ್ಕೆ 100 ಮಿ.ಮೀ. ಉದ್ದದ ಸ್ಟೀಲ್ ಪೀಸ್ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಆದರೆ ಸುಮಾರು 23. ಟಾಲರೆನ್ಸ್ ಇರುವುದೇ 20 ಮೈಕ್ರಾನ್ ಅಂದರೆ ಇನ್ನೇನು ಉಳಿಯಿತು?

ಐದು ಪೀಸ್‌ಗೆ ನಂಬರ್ ಹಾಕಿ. ಅವರು ಅಳೆದು ಬರೆಯಲಿ, ನೀವೂ ಅಳೆದು ಬರೆಯಿರಿ, ನಂತರ ಹಾಳೆಗಳನ್ನು ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಬಂದರೆ ಗೇಜ್, ಹಿಡಿಯುವ ಜಾಗ, ಉಷ್ಣತೆ ಈ ಮೂರನ್ನು ಸರಿಮಾಡಿ. ಇಬ್ಬರೂ ಒಪ್ಪದಿದ್ದರೆ ತುಮಕೂರು ರಸ್ತೆಯ ಸಿಎಂಟಿಐನಂಥ ಮೂರನೆಯವರ ಲ್ಯಾಬ್‌ನಲ್ಲಿ ಅಳೆಸಿ. ಆ ಸಂಖ್ಯೆಯೇ ಅಂತಿಮ ಅಂತ ಮೊದಲೇ ಒಪ್ಪಂದದಲ್ಲಿ ಬರೆದುಕೊಳ್ಳಿ.

ಹೆಜ್ಜೆ 5: ರೇಟನ್ನು ಬಿಡಿಸಿ ಮಾತಾಡಿ

"ಐದು ಪರ್ಸೆಂಟ್ ಕಮ್ಮಿ ಮಾಡಿ" ಅನ್ನುವುದು ಸುಲಭ. ಆ ಐದು ಪರ್ಸೆಂಟ್ ಎಲ್ಲಿಂದ ಬರುತ್ತದೆ ಅಂತ ಕೇಳದಿದ್ದರೆ ಅದು ಮೆಟೀರಿಯಲ್ ಗ್ರೇಡಿನಿಂದಲೋ, ಬಿಟ್ಟುಬಿಟ್ಟ ಇನ್‌ಸ್ಪೆಕ್ಷನ್ನಿನಿಂದಲೋ ಬರುತ್ತದೆ. ಬದಲಿಗೆ ರೇಟನ್ನು ಬಿಡಿಸಿ ಹಾಳೆಯ ಮೇಲೆ ಬರೆಯಿರಿ: ಮೆಟೀರಿಯಲ್, ಮೆಷಿನ್ ಗಂಟೆ, ಸೆಟ್ಟಿಂಗ್, ಟೂಲ್, ಹೊರಗಿನ ಪ್ರೋಸೆಸ್, ಪ್ಯಾಕಿಂಗ್, ಸಾಗಣೆ, ಲಾಭ.

ಸೆಟ್ಟಿಂಗ್ ಸಾಲನ್ನೇ ತಗೊಳ್ಳಿ. ಒಂದು ಪಾರ್ಟ್‌ಗೆ ಮೆಷಿನ್ ಸೆಟ್ ಮಾಡಲು ಮೂರು ಗಂಟೆ, ಮೆಷಿನ್ ಗಂಟೆಗೆ 400 ರೂ. ಅಂದುಕೊಳ್ಳೋಣ. 50 ಪೀಸ್‌ನ ಆರ್ಡರ್ ಆದರೆ ಸೆಟ್ಟಿಂಗ್ ಖರ್ಚೇ ಪೀಸಿಗೆ 24 ರೂ. ಅದೇ 500 ಪೀಸ್ ಒಟ್ಟಿಗೆ ಕೊಟ್ಟರೆ 2 ರೂ. 40 ಪೈಸೆ. ತಿಂಗಳಿಗೆ ಎರಡು ಸಲ 50ರಂತೆ ಆರ್ಡರ್ ಕೊಟ್ಟುಕೊಂಡು ರೇಟ್ ಇಳಿಸಿ ಅಂತ ಕೇಳುವವರು ತಮ್ಮ ಪ್ಲಾನಿಂಗ್ ಖರ್ಚನ್ನೇ ಸಪ್ಲೈಯರ್ ತಲೆಗೆ ಕಟ್ಟುತ್ತಿದ್ದಾರೆ. ಎರಡು ತಿಂಗಳ ಪ್ರಮಾಣ ಒಟ್ಟಿಗೆ ಮಾಡಿಸಿ, ಬೇಕಾದಂತೆ ತರಿಸಿಕೊಳ್ಳಬಹುದು. ಅಥವಾ ಸೆಟ್ಟಿಂಗ್ ಬೇಗ ಆಗುವಂಥ ಫಿಕ್ಸ್ಚರ್‌ಗೆ ನೀವೇ ದುಡ್ಡು ಹಾಕಬಹುದು. ಉಳಿತಾಯವನ್ನು ಇಬ್ಬರೂ ಹಂಚಿಕೊಳ್ಳಿ. ಪೂರ್ತಿ ನೀವೇ ತಗೊಂಡರೆ ಮುಂದಿನ ಸಲ ಅವರು ಯಾವ ಐಡಿಯಾವನ್ನೂ ಬಾಯಿ ಬಿಟ್ಟು ಹೇಳುವುದಿಲ್ಲ.

ಸ್ಟೀಲ್, ತಾಮ್ರ, ಅಲ್ಯೂಮಿನಿಯಂ ರೇಟ್ ಏರಿಳಿದಾಗ ಮೂರು ತಿಂಗಳಿಗೊಮ್ಮೆ ಪಾರ್ಟ್ ರೇಟ್ ಹೇಗೆ ಬದಲಾಗಬೇಕು ಎಂಬ ಸೂತ್ರವನ್ನೂ ಈಗಲೇ ಬರೆದಿಡಿ. ಮೆಟೀರಿಯಲ್ ನಿಮ್ಮದಾದರೆ ಟರ್ನಿಂಗ್ ಸ್ಕ್ರಾಪ್ ಯಾರಿಗೆ ಸೇರಬೇಕು ಎಂಬುದೂ ಇರಲಿ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ವರ್ಷಗಳ ಸ್ನೇಹ ಇದರಲ್ಲೇ ಹಳಸುತ್ತದೆ. ಜಾಬ್ ವರ್ಕ್‌ಗೆ ಕೊಟ್ಟ ಮಾಲು ಜಿಎಸ್‌ಟಿ ನಿಯಮದಂತೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ವಾಪಸ್ ಬರಬೇಕು. ಡಿಸಿ (ಡೆಲಿವರಿ ಚಲನ್) ಲೆಕ್ಕವನ್ನು ತಿಂಗಳಿಗೊಮ್ಮೆ ತಾಳೆ ಹಾಕಿ.

ಹೆಜ್ಜೆ 6: ಮೂರು ತಿಂಗಳ ಪ್ಲಾನ್ ಕೊಡಿ, ಅದಕ್ಕೆ ನಿಲ್ಲಿ

ಮೊದಲ ತಿಂಗಳು ಖಚಿತ. ಎರಡನೆಯದು ಇಪ್ಪತ್ತು ಪರ್ಸೆಂಟ್ ಹೆಚ್ಚುಕಮ್ಮಿ. ಮೂರನೆಯದು ಅಂದಾಜು. ಈ ಥರ ಪ್ರತಿ ತಿಂಗಳು ಹೊಸ ಹಾಳೆ ಕೊಡಿ. ನಿಮ್ಮ ಮಾತು ನಂಬಿ ಅವರು ತಂದಿಟ್ಟ ಮೆಟೀರಿಯಲ್ ಉಳಿದರೆ ಎಷ್ಟರವರೆಗೆ ನಿಮ್ಮ ಹೊಣೆ ಎಂಬುದು ಆ ಹಾಳೆಯಲ್ಲೇ ಇರಬೇಕು. ಹೊಣೆ ಇಲ್ಲದ ಪ್ಲಾನ್‌ಗೆ ಯಾರೂ ಸ್ಟೀಲ್ ತಂದಿಡುವುದಿಲ್ಲ.

ಹಬ್ಬಗಳ ಕ್ಯಾಲೆಂಡರ್ ಕೂಡ ಹಂಚಿಕೊಳ್ಳಿ. ಆಯುಧಪೂಜೆಗೆ ಮೆಷಿನ್ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಪ್ಲೇಟಿಂಗ್, ಕಾಸ್ಟಿಂಗ್, ಪಾಲಿಶಿಂಗ್ ಕಡೆ ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರು ಜಾಸ್ತಿ. ಹೋಳಿ ಹಬ್ಬಕ್ಕೆ, ಛಠ್ ಪೂಜೆಗೆ ಊರಿಗೆ ಹೋದವರು ವಾರಗಟ್ಟಲೆ ಬರುವುದಿಲ್ಲ. ಹೊರಡುವ ಮುಂಚೆಯೇ ಸ್ಟಾಕ್ ಮಾಡಿಕೊಂಡರೆ ಗಾಬರಿ ಇಲ್ಲ.

ಗಾಡಿಯ ದಾರಿಯೂ ಪ್ಲಾನ್‌ನ ಭಾಗವೇ. ಪೀಣ್ಯ ಫ್ಲೈಓವರ್ 2021ರ ಡಿಸೆಂಬರ್‌ನಲ್ಲಿ ಮುಚ್ಚಿದಾಗ ಭಾರೀ ವಾಹನಗಳು ಎರಡು ವರ್ಷಕ್ಕೂ ಜಾಸ್ತಿ ಕೆಳಗಿನ ರಸ್ತೆಯಲ್ಲೇ ತೆವಳಿದವು. ಬೆಳಗ್ಗೆ ಒಂಬತ್ತಕ್ಕೇ ಮಾಲು ಬರಬೇಕು ಅಂತ ಹಠ ಹಿಡಿಯುವುದರಲ್ಲಿ ಅರ್ಥವಿಲ್ಲ. ಒಂದೇ ಏರಿಯಾದ ನಾಲ್ಕೈದು ಸಪ್ಲೈಯರ್‌ಗಳಿಂದ ನಿಮ್ಮದೇ ಒಂದು ಗಾಡಿ ಗೊತ್ತಾದ ಸಮಯಕ್ಕೆ ಮಾಲು ಎತ್ತಿಕೊಂಡು ಬರಲಿ. ಬಂದ ಗಾಡಿಯನ್ನು ಗೇಟಿನಲ್ಲಿ ಮೂರು ಗಂಟೆ ನಿಲ್ಲಿಸಬೇಡಿ.

ಹೆಜ್ಜೆ 7: ಹೇಳಿದ ದಿನ ದುಡ್ಡು ಕೊಡಿ

ಉಳಿದ ಎಲ್ಲಾ ಹೆಜ್ಜೆ ಮಾಡಿ ಇದೊಂದನ್ನು ಬಿಟ್ಟರೆ ಏನೂ ಪ್ರಯೋಜನವಿಲ್ಲ. ದುಡ್ಡು ಬಾಕಿ ಇರುವ ಸಪ್ಲೈಯರ್ ನಿಮ್ಮ ಫೋನ್ ಯಾಕೆ ಎತ್ತಬೇಕು? ಅವರ ಮೆಷಿನ್ ಲೋನ್ ಕಂತು, ಕರೆಂಟ್ ಬಿಲ್, ಕೆಲಸಗಾರರ ಸಂಬಳ ಯಾವುದೂ ನಿಮ್ಮ ಅಪ್ರೂವಲ್‌ಗೆ ಕಾಯುವುದಿಲ್ಲ.

ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದಿರಲಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ, ಉದ್ಯಮ್ ನೋಂದಣಿ ಇರುವ ಮೈಕ್ರೋ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. "ನಮ್ಮ ಕಂಪನಿ ಪಾಲಿಸಿ 90 ದಿನ" ಎಂಬ ಮಾತಿಗೆ ಈ ಕಾಯ್ದೆಯ ಮುಂದೆ ಬೆಲೆಯಿಲ್ಲ.

ತುಂಬಾ ಕಂಪನಿಗಳು ಎಡವುವುದು ದಿನ ಎಣಿಸುವುದರಲ್ಲಿ. ಮಾಲು ಬಂದ ಮೇಲೆ ಕ್ಯೂಸಿ (ಕ್ವಾಲಿಟಿ ತಪಾಸಣೆ) ಮುಗಿದು ಜಿಆರ್‌ಎನ್ (ಮಾಲು ಸ್ವೀಕರಿಸಿದ ದಾಖಲೆ) ಆದ ದಿನದಿಂದ ಲೆಕ್ಕ ಅಂದುಕೊಂಡಿರುತ್ತಾರೆ. ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ, ಮಾಲು ತಲುಪಿದ ದಿನವೇ ಒಪ್ಪಿಕೊಂಡ ದಿನವೆಂದು ಕಾಯ್ದೆ ಹೇಳುತ್ತದೆ. ಹಾಗಾಗಿ ಇನ್‌ವರ್ಡ್‌ನಲ್ಲಿ ಮಾಲು ಕೊಳೆಯಲು ಬಿಡಬೇಡಿ.

ಅಕೌಂಟ್ಸ್‌ನವರಿಗೆ ಇನ್ನೂ ಬೇಗ ಅರ್ಥವಾಗುವ ಕಾರಣವೊಂದಿದೆ. 2023ರ ಬಜೆಟ್‌ನಲ್ಲಿ ಬಂದು, ಎಲ್ಲರ ಬಾಯಲ್ಲಿ 43ಬಿ(ಎಚ್) ಅಂತಲೇ ಓಡಾಡುವ ಆದಾಯ ತೆರಿಗೆ ನಿಯಮದಂತೆ, ಮೈಕ್ರೋ ಮತ್ತು ಸಣ್ಣ ಘಟಕಗಳಿಗೆ ಈ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಮಾರ್ಚ್‌ನಲ್ಲಿ ಗಾಬರಿಯಾಗುವ ಬದಲು ತಿಂಗಳ ಎರಡು ದಿನ ಗೊತ್ತುಮಾಡಿ. 10 ಮತ್ತು 25 ಅಂದುಕೊಳ್ಳಿ. ಆ ದಿನ ಯಾರ ಬಿಲ್ ಹೋಗುತ್ತದೆ, ಯಾರದು ಏನು ಕಾರಣಕ್ಕೆ ನಿಂತಿದೆ ಅಂತ ಸಪ್ಲೈಯರ್‌ಗೆ ಕೇಳದೆಯೇ ತಿಳಿಸಿ. ಕೈಯಲ್ಲಿ ದುಡ್ಡು ಬಿಗಿಯಾಗಿದ್ದರೆ ಟ್ರೆಡ್ಸ್ ವೇದಿಕೆಗೆ ಸೇರಿ. ನೀವು ಒಪ್ಪಿದ ಬಿಲ್ಲಿಗೆ ಬ್ಯಾಂಕ್ ಮೊದಲೇ ಸಪ್ಲೈಯರ್‌ಗೆ ದುಡ್ಡು ಕೊಡುತ್ತದೆ, ನೀವು ಗಡುವಿಗೆ ಬ್ಯಾಂಕಿಗೆ ಕಟ್ಟುತ್ತೀರಿ.

ಹೆಜ್ಜೆ 8: ಸಮಸ್ಯೆ ಹೇಳಿದವರನ್ನು ಬೈಯಬೇಡಿ

ಸಪ್ಲೈಯರ್ ಫೋನ್ ಮಾಡಿ "ಲಾಟ್‌ನಲ್ಲಿ ತೊಂದರೆ ಆಗಿದೆ" ಅಂದ ಕೂಡಲೇ ನಿಮ್ಮ ಬಾಯಿಂದ ಬರುವ ಮೊದಲ ಮಾತು ಮುಂದಿನ ಐದು ವರ್ಷದ ಸಂಬಂಧವನ್ನು ತೀರ್ಮಾನಿಸುತ್ತದೆ. "ಎಷ್ಟು ಪೀಸ್ ಉಳಿದಿದೆ? ಮೆಟೀರಿಯಲ್ ಇದೆಯಾ? ನಮ್ಮಿಂದ ಏನು ಬೇಕು?" ಅಂತ ಕೇಳಿ. ಡೆಬಿಟ್ ನೋಟ್ (ಬಿಲ್ಲಿನಿಂದ ದುಡ್ಡು ಮುರಿದುಕೊಳ್ಳುವ ಚೀಟಿ) ಮಾತು ಆಮೇಲೆ. ಮೊದಲೇ ತಿಳಿಸಿದ ತಡಕ್ಕೆ ಪೆನಾಲ್ಟಿ ಇಲ್ಲ, ಮುಚ್ಚಿಟ್ಟ ತಡಕ್ಕೆ ಇದೆ ಎಂಬ ನಿಯಮ ಇಟ್ಟು ನೋಡಿ. ಫೋನ್‌ಗಳು ಬೇಗ ಬರತೊಡಗುತ್ತವೆ.

ರಿಜೆಕ್ಷನ್ ಆದಾಗ ಪೀಸ್ ಕೈಯಲ್ಲಿ ಹಿಡಿದು ಅವರ ಶೆಡ್‌ಗೆ ಹೋಗಿ ಕಾರಣ ಹುಡುಕಿ. "ಆಪರೇಟರ್‌ಗೆ ಎಚ್ಚರಿಕೆ ಕೊಡಲಾಗಿದೆ" ಎಂಬ ಉತ್ತರವನ್ನು ಒಪ್ಪಬೇಡಿ. ಅದು ನೀವು ಒತ್ತಾಯ ಮಾಡಿದ್ದಕ್ಕೆ ಬರೆದುಕೊಟ್ಟ ಹಾಳೆ. ಪಾರ್ಟ್ ಉಲ್ಟಾ ಕೂರದಂತೆ ಫಿಕ್ಸ್ಚರ್‌ಗೆ ಒಂದು ಪಿನ್ ಹಾಕಿದ್ದೇವೆ ಎಂಬಂಥ ಉತ್ತರ ಬರುವವರೆಗೆ ಜೊತೆಯಲ್ಲೇ ಕೂರಿ.

ದೊಡ್ಡ ಆಪತ್ತಿಗೂ ಇದೇ ಅಭ್ಯಾಸ ಕೈಹಿಡಿಯುತ್ತದೆ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾ ಕಾರುಗಳ ಬ್ರೇಕಿಗೆ ಬೇಕಾದ ಒಂದು ಸಣ್ಣ ವಾಲ್ವ್ ಹೆಚ್ಚುಕಡಿಮೆ ಪೂರ್ತಿ ಅಲ್ಲಿಂದಲೇ ಬರುತ್ತಿತ್ತು. ಕಾರು ತಯಾರಿಕೆ ನಿಂತೇಹೋಯಿತು. ಐಸಿನ್ ಡ್ರಾಯಿಂಗ್‌ಗಳನ್ನು ಹೊರಗೆ ಕೊಟ್ಟಿತು. ಸುಮಾರು 200 ಕಂಪನಿಗಳು ತಮ್ಮ ತಮ್ಮ ಮೆಷಿನ್‌ಗಳಲ್ಲಿ ಆ ವಾಲ್ವ್ ಮಾಡಲು ಕೈಜೋಡಿಸಿದವು. ಸುಮಾರು ಒಂದು ವಾರದಲ್ಲಿ ಲೈನ್‌ಗಳು ಮತ್ತೆ ಓಡಿದವು. ವರ್ಷಗಳಿಂದ ಒಟ್ಟಿಗೆ ಸಮಸ್ಯೆ ಬಿಡಿಸಿ ಗೊತ್ತಿದ್ದವರಿಗೆ ಮಾತ್ರ ಇದು ಆಗುವ ಕೆಲಸ. ಒಂದೇ ಕಡೆಯಿಂದ ತರಿಸುವುದರ ಅಪಾಯವನ್ನೂ ಈ ಘಟನೆ ತೋರಿಸುತ್ತದೆ. ಮೊದಲ ಹೆಜ್ಜೆಯ ಪಟ್ಟಿಯಲ್ಲಿರುವ ಪಾರ್ಟ್‌ಗಳಿಗೆ ಎರಡನೇ ಸಪ್ಲೈಯರ್ ಇಟ್ಟುಕೊಳ್ಳಿ. ಇಟ್ಟುಕೊಂಡಿದ್ದೀರಿ ಎಂಬುದನ್ನು ಮೊದಲನೆಯವರಿಂದ ಮುಚ್ಚಿಡಬೇಡಿ.

ಹೆಜ್ಜೆ 9: ತಿಂಗಳಿಗೊಮ್ಮೆ ಇಬ್ಬರ ಅಂಕವನ್ನೂ ನೋಡಿ

ಸಮಯಕ್ಕೆ ಬಂದದ್ದು, ರಿಜೆಕ್ಷನ್, ಉತ್ತರ ಕೊಡಲು ಹಿಡಿದ ಸಮಯ. ಸಪ್ಲೈಯರ್‌ಗೆ ಈ ಮೂರು ಸಂಖ್ಯೆ ಸಾಕು. ಅದೇ ಹಾಳೆಯಲ್ಲಿ ನಿಮ್ಮವೂ ಮೂರು ಇರಲಿ: ದುಡ್ಡು ಕೊಡಲು ಹಿಡಿದ ದಿನ, ಖಚಿತ ಅಂತ ಕೊಟ್ಟ ಪ್ಲಾನ್ ಎಷ್ಟು ಬದಲಾಯಿತು, ಡ್ರಾಯಿಂಗ್ ಪ್ರಶ್ನೆಗೆ ಉತ್ತರ ಕೊಡಲು ಎಷ್ಟು ದಿನ. ಅರ್ಧ ಗಂಟೆಯ ಮೀಟಿಂಗ್ ಸಾಕು. ತೀರ್ಮಾನ ತೆಗೆದುಕೊಳ್ಳಬಲ್ಲವರು ಇರಬೇಕು, ಅಷ್ಟೇ.

ಸಪ್ಲೈಯರ್‌ಗಳಿಗೆ ನಾಲ್ಕು ಮಾತು

ಆಗದ ತಾರೀಖಿಗೆ "ಆಗುತ್ತೆ ಸರ್" ಅನ್ನಬೇಡಿ. ಮೂರು ದಿನ ಜಾಸ್ತಿ ಕೇಳಿ ಮಾತು ಉಳಿಸಿಕೊಂಡವರಿಗೆ ಬೆಲೆ ಜಾಸ್ತಿ. ಕೆಲಸವನ್ನು ಪಕ್ಕದ ಶೆಡ್‌ಗೆ ಕೊಡುವುದಾದರೆ, ಮೆಟೀರಿಯಲ್ ಮೂಲ ಬದಲಿಸುವುದಾದರೆ ಮೊದಲು ಹೇಳಿ. ಬಿಲ್ ಮೇಲೆ ಉದ್ಯಮ್ ನಂಬರ್, ಪಿಒ ನಂಬರ್ ಸರಿಯಾಗಿರಲಿ. ಬಿಲ್ ನಿಲ್ಲಲು ಇವೇ ಸುಲಭದ ನೆಪ. ಕೇಳಿ ಕೇಳಿ ದುಡ್ಡು ಬರದಿದ್ದರೆ ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಅದು ಬಾಕಿ ದುಡ್ಡಿನ ವಿವಾದ ನೋಡುವ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಹೋಗುತ್ತದೆ. ಆರ್ಡರ್ ಕಳೆದುಕೊಳ್ಳುವ ಭಯ ಸಹಜ. ಒಬ್ಬಂಟಿಯಾಗಿ ಯೋಚಿಸುವ ಬದಲು ಕಾಸಿಯಾ (ಕರ್ನಾಟಕದ ಸಣ್ಣ ಕೈಗಾರಿಕೆಗಳ ಸಂಘ) ಅಥವಾ ಪೀಣ್ಯ ಕೈಗಾರಿಕಾ ಸಂಘದಲ್ಲಿ ಅನುಭವ ಇರುವವರನ್ನು ಮೊದಲು ಕೇಳಿ. ಒಬ್ಬರೇ ಗ್ರಾಹಕರ ಮೇಲೆ ಪೂರ್ತಿ ನಿಂತಿದ್ದರೆ ಇವತ್ತಿನಿಂದಲೇ ಎರಡನೆಯವರನ್ನು ಹುಡುಕಲು ಶುರು ಮಾಡಿ.

ಹೆಜ್ಜೆ 10: ಬೇರೆಯಾಗುವುದನ್ನೂ ಮೊದಲೇ ಬರೆದಿಡಿ

ಕೆಲವು ಸಂಬಂಧ ಮುಗಿಯುತ್ತದೆ. ಮಾಡೆಲ್ ನಿಲ್ಲುತ್ತದೆ, ಡಿಸೈನ್ ಬದಲಾಗುತ್ತದೆ, ಕ್ವಾಲಿಟಿ ಸುಧಾರಿಸುವುದೇ ಇಲ್ಲ. ನಿಲ್ಲಿಸುವುದಾದರೆ ಕನಿಷ್ಠ ಮೂರು ತಿಂಗಳ ನೋಟಿಸ್ ಕೊಡಿ, ಆರ್ಡರನ್ನು ಹಂತ ಹಂತವಾಗಿ ಇಳಿಸಿ. ಡೈ, ಫಿಕ್ಸ್ಚರ್, ಗೇಜ್ ಪ್ರತಿಯೊಂದರ ಮೇಲೂ ಯಾರದು ಎಂಬ ಪ್ಲೇಟ್ ಮೊದಲ ದಿನವೇ ಹೊಡೆದಿರಲಿ, ವರ್ಷಕ್ಕೊಮ್ಮೆ ಫೋಟೋ ಸಮೇತ ಪಟ್ಟಿ ತಾಳೆ ನೋಡಿ. ಕೊನೆಯ ಲಾಟ್, ಉಳಿದ ಮೆಟೀರಿಯಲ್, ಅರ್ಧ ಆದ ಪೀಸ್, ಬಾಕಿ ಬಿಲ್ ಎಲ್ಲಕ್ಕೂ ಒಂದೇ ಹಾಳೆಯಲ್ಲಿ ಲೆಕ್ಕ ಮಾಡಿ ಇಬ್ಬರೂ ಸಹಿ ಹಾಕಿ. ಬಾಕಿ ದುಡ್ಡು ಕೈಸೇರಿದ ದಿನವೇ ಡೈಗಳು ಗಾಡಿ ಹತ್ತಲಿ.